ಇಲ್ಲ ಎನ್ನುವುದಕ್ಕೂ ಸಾಕ್ಷಿ ಬೇಕು

ಕಾರ್ಖಾನೆಯ ಗೇಟಿನ ಬಳಿಯ ಅನಿಲ ಮೀಟರು 100 ಘನ ಮೀಟರ್ ತೋರಿಸಿದರೆ, ಒಳಗೆ ಹೋದ ಅನಿಲ ನಿಜಕ್ಕೂ ಎಷ್ಟು? ಮೀಟರು ಸುಳ್ಳು ಹೇಳುತ್ತಿಲ್ಲ, ಆದರೂ ಅದೊಂದರಿಂದಲೇ ಉತ್ತರ ಸಿಗದು. ಒತ್ತಿದರೆ ಅನಿಲ ಕುಗ್ಗುತ್ತದೆ, ಕಾದರೆ ಹಿಗ್ಗುತ್ತದೆ. ಅದಕ್ಕಾಗಿಯೇ ಮೀಟರಿನ ಜೊತೆಗೆ ಫ್ಲೋ ಕಂಪ್ಯೂಟರ್ ಇರುತ್ತದೆ. ಒತ್ತಡವನ್ನೂ ಉಷ್ಣತೆಯನ್ನೂ ಓದಿ, ಆ ಗಾತ್ರವನ್ನು 15 ಡಿಗ್ರಿ ಸೆಲ್ಸಿಯಸ್, 1.01325 ಬಾರ್ ಎಂಬ ಒಪ್ಪಿತ ಸ್ಥಿತಿಗೆ ತರುವುದು ಅದರ ಕೆಲಸ.

ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಗೇಲ್ ಸಂಸ್ಥೆಯ ಸುಮಾರು 1,000 ಕಿಲೋಮೀಟರ್ ಉದ್ದದ ಕೊಳವೆ ಮಾರ್ಗ 2013ರಲ್ಲಿ ಚಾಲನೆಗೊಂಡಿತು. ತುಮಕೂರು ಜಿಲ್ಲೆಯಲ್ಲಿ ನಗರ ಅನಿಲ ವಿತರಣೆಯ ಪರವಾನಗಿ ಮೇಘಾ ಸಂಸ್ಥೆಯದು. ಕೊಳವೆ ಬಂದ ಕಡೆಗೆಲ್ಲ ಈ ಲೆಕ್ಕವೂ ಬರುತ್ತದೆ. ಇಲ್ಲಿ ಅದಕ್ಕೆ ನೆಲದ್ದೇ ಒಂದು ತೊಡಕಿದೆ.

ತುಮಕೂರು, ಗುಬ್ಬಿ, ಕುಣಿಗಲ್ ಮೂರೂ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 800 ಮೀಟರ್ ಎತ್ತರದಲ್ಲಿವೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.92 ಬಾರ್. ಸುತ್ತಲ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನಷ್ಟೇ, ಅಂದರೆ ಗೇಜ್ ಒತ್ತಡವನ್ನು ಅಳೆಯುವ ಉಪಕರಣವಿದ್ದರೆ ಅದರ ಓದಿಗೆ ಸ್ಥಳೀಯ ವಾಯುಭಾರವನ್ನು ಕೂಡಿಸಬೇಕು. ಫ್ಲೋ ಕಂಪ್ಯೂಟರಿನಲ್ಲಿ ಸಮುದ್ರಮಟ್ಟದ 1.01325 ಹಾಗೇ ಉಳಿದುಬಿಟ್ಟರೆ ಏನಾಗುತ್ತದೆ? 4 ಬಾರ್ ಗೇಜ್ ಒತ್ತಡ, 30 ಡಿಗ್ರಿ ಉಷ್ಣತೆ ಇದ್ದಾಗ ಮೀಟರಿನ 100 ಘನ ಮೀಟರ್, ಸಂಕೋಚ್ಯತೆಯ ಸಣ್ಣ ತಿದ್ದುಪಡಿ ಬಿಟ್ಟರೆ, ಸುಮಾರು 461 ಸ್ಟ್ಯಾಂಡರ್ಡ್ ಘನ ಮೀಟರ್ ಆಗಬೇಕು. ತಪ್ಪು ಅಂಕಿಯಿಂದ ಅದು 470 ಆಗುತ್ತದೆ, ಅಂದರೆ ನೂರಕ್ಕೆ ಎರಡರಷ್ಟು ಹೆಚ್ಚು. ಒತ್ತಡ 0.1 ಬಾರ್ ಮಾತ್ರವಿದ್ದರೆ ತಪ್ಪು ನೂರಕ್ಕೆ ಒಂಬತ್ತನ್ನು ದಾಟುತ್ತದೆ. ಯಾರೂ ಮೋಸ ಮಾಡಲಿಲ್ಲ, ಆದರೂ ಯಾರೋ ಒಬ್ಬರಿಗೆ ನಷ್ಟವಾಯಿತು.

ಉಪಾಧಿಯಿಂದ, ಅಂದರೆ ಹೊರಗಿನಿಂದ ಅಂಟಿದ ಸ್ಥಿತಿಯಿಂದ, ವಸ್ತು ಬೇರೆಬೇರೆಯಾಗಿ ತೋರುತ್ತದೆ, ಉಪಾಧಿ ಕಳೆದರೆ ನಿಜ ಉಳಿಯುತ್ತದೆ ಎನ್ನುವುದು ಅದ್ವೈತದ ಮಾತು. ಅನಿಲದ ಗಾತ್ರದ ವಿಷಯದಲ್ಲಿ ಇದು ಅರ್ಧ ದಾರಿಯವರೆಗೆ ಮಾತ್ರ ಸಲ್ಲುತ್ತದೆ. ಸ್ಥಳದ ಒತ್ತಡ, ಹೊತ್ತಿನ ಬಿಸಿಲು ಇವುಗಳನ್ನು ಕಳೆಯಬಹುದು. ಆದರೆ ಕಳೆದ ಮೇಲೆ ಉಳಿಯುವುದು ನಿರುಪಾಧಿಕ ಗಾತ್ರವಲ್ಲ, ಎಲ್ಲರೂ ಒಪ್ಪಿಕೊಂಡ ಇನ್ನೊಂದು ಉಪಾಧಿ. 15 ಡಿಗ್ರಿಗೆ ವಿಶೇಷ ಪಾವಿತ್ರ್ಯವೇನೂ ಇಲ್ಲ. ಮಾರುವವನೂ ಕೊಳ್ಳುವವನೂ ಒಂದೇ ಕಡೆ ನಿಂತು ನೋಡುತ್ತಾರೆ ಎಂಬುದೇ ಅದರ ಬೆಲೆ.

ಇದಕ್ಕಿಂತ ಆಳವಾದ ಪ್ರಶ್ನೆ ಅನಲಾಗ್ ಔಟ್‌ಪುಟ್‌ನದು. ಫ್ಲೋ ಕಂಪ್ಯೂಟರು ತಾನು ಲೆಕ್ಕ ಹಾಕಿದ ಹರಿವನ್ನು ಕಂಟ್ರೋಲ್ ರೂಮಿಗೆ 4ರಿಂದ 20 ಮಿಲಿಆಂಪಿಯರ್ ವಿದ್ಯುತ್ತಾಗಿ ಕಳಿಸುತ್ತದೆ. ಗಂಟೆಗೆ 1,000 ಸ್ಟ್ಯಾಂಡರ್ಡ್ ಘನ ಮೀಟರ್ ಗರಿಷ್ಠ ಎಂದಿಟ್ಟರೆ 12 ಮಿಲಿಆಂಪಿಯರ್ ಎಂದರೆ 500. ಅತ್ತ ತುದಿಯಲ್ಲಿ ಗರಿಷ್ಠವನ್ನು 1,200 ಎಂದು ಬರೆದುಕೊಂಡಿದ್ದರೆ ಅದೇ ವಿದ್ಯುತ್ತು ಅಲ್ಲಿ 600 ಆಗಿಬಿಡುತ್ತದೆ. ಆದರೆ ಹರಿವು ಏನೂ ಇಲ್ಲದಾಗ ವಿದ್ಯುತ್ತೂ ಸೊನ್ನೆಯಾಗಬಹುದಿತ್ತಲ್ಲ, 4 ಏಕೆ? ತಂತಿ ತುಂಡಾದರೂ ಸೊನ್ನೆ, ಯಂತ್ರ ಸತ್ತರೂ ಸೊನ್ನೆ. ಅನಿಲ ಹರಿಯುತ್ತಿರುವಾಗಲೇ ಪರದೆ ‘ಇಲ್ಲ’ ಎಂದರೆ ಬಾಯ್ಲರ್ ಮುಂದೆ ನಿಂತವನಿಗೆ ಅದು ಪ್ರಾಣದ ಪ್ರಶ್ನೆ. ಹಾಗಾಗಿ ‘ಹರಿವಿಲ್ಲ’ ಎಂದು ಹೇಳುವುದಕ್ಕೂ ಯಂತ್ರ ಜೀವಂತವಾಗಿರಬೇಕು. ನ್ಯಾಮೂರ್ ಎನ್‌ಇ 43 ಎಂಬ ಶಿಫಾರಸಿನ ಪ್ರಕಾರ 3.6 ಮಿಲಿಆಂಪಿಯರ್ ಅಥವಾ ಅದಕ್ಕೂ ಕಡಿಮೆ ಬಂದರೆ ಅದು ಅಳತೆಯಲ್ಲ, ದೋಷದ ಸೂಚನೆ.

7ನೇ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ ‘ಶ್ಲೋಕವಾರ್ತಿಕ’ದಲ್ಲಿ ವಿಚಾರಿಸಿದ್ದು ಇದನ್ನೇ. ನೆಲದ ಮೇಲೆ ಮಡಕೆ ಇಲ್ಲ ಎಂದು ತಿಳಿಯುವುದು ಹೇಗೆ? ಕಾಣದಿರುವುದರಿಂದ ಎಂದರು ಅವರ ಹಾದಿಯ ಭಾಟ್ಟ ಮೀಮಾಂಸಕರು. ಈ ಕಾಣದಿರುವಿಕೆಯನ್ನು, ಅಂದರೆ ಅನುಪಲಬ್ಧಿಯನ್ನು, ಅರಿವಿನ ಪ್ರತ್ಯೇಕ ಸಾಧನ, ಪ್ರಮಾಣವೆಂದೇ ಒಪ್ಪಿದರು, ಅದ್ವೈತಿಗಳೂ ಒಪ್ಪಿದರು. ನೈಯಾಯಿಕರು ಇದಕ್ಕೆ ಬೇರೆ ಪ್ರಮಾಣ ಬೇಡವೆಂದರು. ಈ ಜಗಳದಿಂದ ಹೊರಬಂದ ಷರತ್ತೊಂದು ಅಮೂಲ್ಯವಾದುದು: ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬಂಥ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ‘ಇಲ್ಲ’ ಎನ್ನಬಹುದು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು. ಕತ್ತಲಲ್ಲಿ ಮಡಕೆ ಕಾಣಲಿಲ್ಲವೆಂದರೆ ಏನೂ ಸಿದ್ಧವಾಗದು. ಆ 4 ಮಿಲಿಆಂಪಿಯರೇ ಇಲ್ಲಿನ ಬೆಳಕು.

ಶೂನ್ಯದ ಮಾತು ಈ ಸೀಮೆಗೆ ಹೊಸದಲ್ಲ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ತೋಂಟದ ಸಿದ್ಧಲಿಂಗರ ಗದ್ದುಗೆಯಿದೆ. ಅವರ ಪರಂಪರೆಯ ಗೂಳೂರು ಸಿದ್ಧವೀರಣ್ಣೊಡೆಯರು ‘ಶೂನ್ಯಸಂಪಾದನೆ’ಯ ನಾಲ್ಕು ಪರಿಷ್ಕರಣಗಳಲ್ಲಿ ಒಂದನ್ನು ಸಂಪಾದಿಸಿದರು. ಶರಣರ ಶೂನ್ಯ ಬರಿದಾದ ಇಲ್ಲಮೆಯಲ್ಲ, ನಿಜ. ಹಾಗೆಂದು ಅಲ್ಲಮನ ಬಯಲನ್ನು ತಂದು ಮಿಲಿಆಂಪಿಯರಿಗೆ ಕಟ್ಟುವುದು ಸಲ್ಲದು. ಅದು ಅನುಭಾವ, ಇದು ಪ್ರಮಾಣದ ವಿಚಾರ. ಇಲ್ಲಿ ನೆರವಾಗುವವರು ಮೀಮಾಂಸಕರೇ.

ಅವರ ಷರತ್ತು ಇನ್ನೊಂದು ಕಡೆಗೂ ಅನ್ವಯಿಸುತ್ತದೆ. ಉಷ್ಣತೆಯ ಸಂವೇದಕ ಕೆಟ್ಟರೆ ಫ್ಲೋ ಕಂಪ್ಯೂಟರು ಮೊದಲೇ ತುಂಬಿಟ್ಟ ಬದಲಿ ಅಂಕಿ ಹಿಡಿದು ಲೆಕ್ಕ ಮುಂದುವರಿಸಬಲ್ಲದು. ಜೊತೆಗೆ ಅಲಾರಂ ದಾಖಲಾದರೆ ಅದು ಪ್ರಾಮಾಣಿಕ ಅಂದಾಜು. ದಾಖಲಾಗದಿದ್ದರೆ ಕಣ್ಣು ಮುಚ್ಚಿಕೊಂಡು ಕಂಡೆ ಎಂದಂತೆ.

ತುಮಕೂರು, ಗುಬ್ಬಿ, ಕುಣಿಗಲ್‌ಗಳಲ್ಲಿ ಕೊಳವೆ ಅನಿಲದಿಂದ ಕಾರ್ಖಾನೆ ನಡೆಸುವವರು ಬಿಲ್ಲಿನ ಮೊತ್ತ ನೋಡುವ ಮುನ್ನ ಮೂರು ವಿಷಯ ಕೇಳಿಕೊಳ್ಳಬೇಕು: ಒತ್ತಡದ ಉಪಕರಣ ಗೇಜ್ ಬಗೆಯದೋ ನಿರಪೇಕ್ಷವೋ, ಗೇಜ್ ಆದರೆ ವಾಯುಭಾರ ಎಷ್ಟೆಂದು ತುಂಬಿದ್ದಾರೆ, ಅನಲಾಗ್ ಔಟ್‌ಪುಟ್‌ನ ಗರಿಷ್ಠ ಎರಡೂ ತುದಿಯಲ್ಲಿ ಒಂದೇ ಇದೆಯೇ. ಉತ್ತರಗಳನ್ನು ಬರೆಸಿ, ಸಹಿ ಹಾಕಿಸಿ ಇಟ್ಟುಕೊಳ್ಳಿ.