ಮತ್ತೆ ಬಾರದ ಗಿರಾಕಿ

ವೈದ್ಯ, ಅಕ್ಕಸಾಲಿ, ಮೇಷ್ಟ್ರು, ಮೆಕ್ಯಾನಿಕ್ ಈ ನಾಲ್ವರ ಕೆಲಸದಲ್ಲಿ ಒಂದು ಸಾಮ್ಯವಿದೆ. ಅವರು ಮಾಡಿದ್ದು ಸರಿಯೋ ತಪ್ಪೋ ಎಂದು ಅಳೆಯುವ ವಿದ್ಯೆ ಮಾಡಿಸಿಕೊಂಡವನಲ್ಲಿ ಇರುವುದಿಲ್ಲ. ಇದ್ದಿದ್ದರೆ ಅವನು ಅವರ ಬಳಿಗೆ ಹೋಗುತ್ತಲೇ ಇರಲಿಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಈ ಅಸಹಾಯಕತೆಯಿಂದಲೇ ಹುಟ್ಟಿರಬೇಕು. ಆದರೆ ಗಾದೆ ಕಟ್ಟಿದವರು ಚಿನ್ನ ಕೊಟ್ಟವರೇ ಹೊರತು ಅಕ್ಕಸಾಲಿಗರಲ್ಲ ಎಂಬುದನ್ನೂ ಮರೆಯಬಾರದು.

ನಮ್ಮ ಕಾಫಿ ಸೀಮೆಯಲ್ಲಿ ವಾಹನಗಳ ಮಟ್ಟಿಗೆ ಈ ಪ್ರಶ್ನೆ ಬಹುಕಾಲ ಅಷ್ಟಾಗಿ ಕಾಡಲಿಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಹೀಂದ್ರದವರು ವಿಲ್ಲೀಸ್ ಜೀಪನ್ನು ನಮ್ಮ ದೇಶದಲ್ಲೇ ಜೋಡಿಸತೊಡಗಿದರು. ಮುಂದೆ ಜೀಪೆಂಬುದು ತೋಟದ ಮನೆಯ ಆಳಿನಂತಾಯಿತು. ಅದರ ಬಾನೆಟ್ ಎತ್ತಿದರೆ ಎಲ್ಲವೂ ಕಣ್ಣಿಗೆ ಕಾಣುತ್ತಿತ್ತು. ಮಾಲೀಕ, ರೈಟರು, ಡ್ರೈವರು ಮೂವರೂ ಬಗ್ಗಿ ನೋಡಿ ಮೂರು ಅಭಿಪ್ರಾಯ ಹೇಳಬಹುದಾಗಿತ್ತು. ಈಗ ಕೆಲವು ತೋಟದ ಶೆಡ್ಡುಗಳಲ್ಲಿ ಜೀಪಿನ ಪಕ್ಕ ಹೊರದೇಶದ ಕಾರೂ ನಿಂತಿರುತ್ತದೆ. ಬಾನೆಟ್ ಎತ್ತಿದರೆ ಕಾಣುವುದು ಒಂದು ಕಪ್ಪು ಮುಚ್ಚಳ. ಏನಾಗಿದೆಯೆಂದು ತಿಳಿಯಲು ಕಂಪ್ಯೂಟರನ್ನೇ ಜೋಡಿಸಬೇಕು.

ನನ್ನ ಭಾವನವರ ಮಗ ಇಂಥದೊಂದು ಜರ್ಮನ್ ಕಾರನ್ನು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡಾಗಿ ಕೊಂಡು ಮೂಡಿಗೆರೆಗೆ ತಂದ. ವೇಗಕ್ಕೆಂದೇ ಮಾಡಿದ ಕಾರಂತೆ. ಪಟ್ಟಣದ ದೊಡ್ಡ ವರ್ಕ್‌ಶಾಪೊಂದರಲ್ಲಿ ಸರ್ವೀಸ್ ಮಾಡಿಸಿ ಮೂರೇ ತಿಂಗಳಾಗಿತ್ತು, ಬ್ರೇಕ್ ಪೆಡಲ್ ಮೆತ್ತಗಾಯಿತು. ಮೂಡಿಗೆರೆಯಲ್ಲಿ ಜೀಪು ರಿಪೇರಿ ಮಾಡುವ ಹಿರಿಯ ಮೇಸ್ತ್ರಿಯೊಬ್ಬರಿಗೆ ತೋರಿಸಿದ. ನಾನೂ ಜೊತೆಗಿದ್ದೆ. ಅವರು ಚಕ್ರದ ಬಳಿಯ ತಿರುಪು ಸಡಿಲಿಸಿ ಸ್ವಲ್ಪ ಬ್ರೇಕ್ ಆಯಿಲನ್ನು ಗಾಜಿನ ಸೀಸೆಗೆ ಇಳಿಸಿದರು. ಅದು ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು.

“ಗೌಡ್ರೇ, ಬಿಲ್ಲಲ್ಲಿ ಏನು ಬರ್ದವ್ರೋ ನಂಗೊತ್ತಿಲ್ಲ. ಇದು ಮೂರು ತಿಂಗಳ ಆಯಿಲ್ ಅಲ್ಲ. ಇದನ್ನ ಬದಲಾಯಿಸಿ ಕೊಡ್ತೀನಿ. ಮಿಕ್ಕಿದ್ದು ಕಂಪ್ಯೂಟರ್ ಹಾಕಿ ನೋಡೋ ಕೆಲಸ, ನಂಗೆ ಬರಲ್ಲ. ಅದನ್ನ ನೋಡಿಸೋವರ್ಗೂ ಘಾಟಿ ಇಳಿಸ್ಬೇಡಿ” ಎಂದರು.

ಬಿಲ್ಲಿನಲ್ಲಿ ಬ್ರೇಕ್ ಆಯಿಲ್ ಬದಲಿಸಿದ್ದಕ್ಕೆ ದುಡ್ಡು ಹಿಡಿದಿದ್ದರು.

ಇದು ಬರೀ ದುಡ್ಡಿನ ಮೋಸವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುತ್ತಾರೆ. ನೀರಿನಂಶ ಸೇರಿದಷ್ಟೂ ಅದು ಬೇಗ ಕುದಿಯುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವಾಗ ತಿರುವು ತಿರುವಿಗೂ ಬ್ರೇಕ್ ತುಳಿಯುತ್ತಿದ್ದರೆ ಶಾಖ ಏರಿ ಒಳಗೆ ಗುಳ್ಳೆಗಳೇಳುತ್ತವೆ. ಆಗ ಕಾಲು ತುಳಿದಷ್ಟೂ ಕೆಳಗಿಳಿಯುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಗ್ರಾಹಕರಿಗೆಂದು 1986ರಲ್ಲಿ ಕಾಯ್ದೆ ಬಂತು, 2019ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆಯಾಯಿತು. ಲೋಪಕ್ಕೆ ಪರಿಹಾರ ಕೇಳಬಹುದು, ನಿಜ. ಆದರೆ ಕೇಳುವ ಮೊದಲು ಲೋಪ ತಿಳಿಯಬೇಕು. ತಿಳಿಯುವ ತನಕ ಬದುಕಿರಬೇಕು.

2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಒಂದು ಸುತ್ತು ನಮ್ಮ ಚಿಕ್ಕಮಗಳೂರಿನ ತೋಟದ ಮಣ್ಣುರಸ್ತೆಗಳಲ್ಲಿ ನಡೆಯಿತು. ಆ ವರ್ಷದ ಚಾಂಪಿಯನ್ ಗೌರವ್ ಗಿಲ್ ಓಡಿಸಿದ್ದು ಸ್ಕೋಡಾ ಫೇಬಿಯಾ. ಇಂಥ ರ‍್ಯಾಲಿಗಳಲ್ಲಿ ಮೆಕ್ಯಾನಿಕ್‌ಗಳಿಗೆ ಸಿಗುವುದು ಎಣಿಸಿಟ್ಟ ನಿಮಿಷಗಳು, ತಡವಾದರೆ ದಂಡ. ಆದರೂ ಅವರ ಮೇಲೆ ಡ್ರೈವರ್ ಪ್ರಾಣವನ್ನೇ ಇಟ್ಟು ಹೊರಡುತ್ತಾನೆ. ಯಾಕೆಂದರೆ ಅವರು ಬಿಗಿದ ಬೋಲ್ಟು ಸರಿಯೋ ಅಲ್ಲವೋ ಎಂಬುದು ಗಂಟೆಯೊಳಗೆ ಎಲ್ಲರೆದುರು ಗೊತ್ತಾಗುತ್ತದೆ. ಫಲ ಮಾಡಿದವನ ಕಣ್ಣೆದುರಿಗೇ ಬರುವಾಗ ಪ್ರಾಮಾಣಿಕತೆ ಅಷ್ಟು ಕಷ್ಟವಲ್ಲ. ಎಲ್ಲೋ ದೂರದ ತಿರುವಿನಲ್ಲಿ, ತಿಂಗಳುಗಳ ಮೇಲೆ ಬರುವಾಗಲೇ ಅದರ ಪರೀಕ್ಷೆ.

ಊರಿನ ಮೆಕ್ಯಾನಿಕ್ ನಂಬಿಕಸ್ಥ, ಯಾಕೆಂದರೆ ನಾಳೆ ಸಂತೆಯಲ್ಲಿ ಮುಖ ತೋರಿಸಬೇಕಲ್ಲ ಎನ್ನುವವರಿದ್ದಾರೆ. ಅದು ಸುಳ್ಳಲ್ಲ. ಆದರೆ ಅದು ಮಾನಕ್ಕೆ ಅಂಜುವ ಗುಣ, ಸತ್ಯಸಂಧತೆಯಲ್ಲ. ಹೊರನಾಡಿಗೆ ಹೊರಟ ದೂರದೂರಿನ ಸಂಸಾರವೊಂದರ ಕಾರು ಕಳಸದಲ್ಲಿ ನಿಂತುಹೋಯಿತು ಎನ್ನಿ. ಅವರಿಗೆ ಕಾರಿನ ವಿಷಯ ಗೊತ್ತಿಲ್ಲ, ಕತ್ತಲಾಗುತ್ತಿದೆ, ಅವರು ಮತ್ತೆ ಈ ಕಡೆ ಬರುವವರೂ ಅಲ್ಲ. ಸಡಿಲವಾದ ಒಂದು ವೈರನ್ನು ಸಿಕ್ಕಿಸಿ “ಏನೂ ಆಗಿರ್ಲಿಲ್ಲ, ಹೊರಡಿ” ಎನ್ನುವವನು ಯಾರಿಗೂ ಅಂಜಿ ಹಾಗೆನ್ನುವುದಿಲ್ಲ. ನಂಬಿಕೆಗೆ ಅರ್ಹನಾದವನು ಯಾರೆಂದು ಕೇಳಿದರೆ ನಾನು ಇವನನ್ನು ತೋರಿಸುತ್ತೇನೆ. ಉತ್ತರಪತ್ರಿಕೆಯ ಕಟ್ಟು ಬಿಚ್ಚಿ ಕೂತಾಗಲೂ ನನಗೆ ಇದೇ ನೆನಪಾಗುತ್ತದೆ. ಆ ಪತ್ರಿಕೆಯ ಹುಡುಗ ಯಾರೋ ನನಗೆ ಗೊತ್ತಿಲ್ಲ, ನಾನು ಯಾರೋ ಅವನಿಗೆ ಗೊತ್ತಿಲ್ಲ.

ಇಷ್ಟಾದ ಮೇಲೆ ಗಿರಾಕಿಗಳಾದ ನಮ್ಮ ಕಡೆಗೂ ತಿರುಗಬೇಕು. ಆಯಿಲ್ ಬದಲಿಸಿದ್ದಕ್ಕಷ್ಟೇ ಮೇಸ್ತ್ರಿ ದುಡ್ಡು ಕೇಳಿದರು. ರೋಗ ಕಂಡುಹಿಡಿದದ್ದಕ್ಕೆ? “ನೋಡಿದ್ದಕ್ಕೇನು ದುಡ್ಡು” ಎಂದು ನಕ್ಕರು. ಹುಡುಗ ಬಲವಂತ ಮಾಡಿ ಕೊಟ್ಟ. ಸಾಮಾನಿಗೆ ಎಷ್ಟು ಹೇಳಿದರೂ ತೆರುತ್ತೇವೆ, ಅನುಭವಸ್ಥನ ಕಣ್ಣಿಗೆ ಬೆಲೆ ಕಟ್ಟುವುದಿಲ್ಲ. ಏನೂ ಕೆಟ್ಟಿಲ್ಲ ಎಂದವನು ಬರಿಗೈಲಿ ಉಳಿಯುತ್ತಾನೆ, ಇಲ್ಲದ ರೋಗ ಹೇಳಿದವನ ಗಲ್ಲ ತುಂಬುತ್ತದೆ. ಹೀಗೆ ಸುಳ್ಳಿಗೆ ಸಂಬಳ ಗೊತ್ತುಮಾಡಿ, ಆಮೇಲೆ ಕಾಲ ಕೆಟ್ಟಿತೆಂದು ಹಲುಬುವುದು ನ್ಯಾಯವೇ? “ನಂಗೆ ಬರಲ್ಲ” ಎಂಬ ಮಾತನ್ನು ಧೈರ್ಯವಾಗಿ ಆಡುವವನು ಸಿಕ್ಕಿದರೆ, ಆ ಮಾತಿಗೂ ಕೈಯಲ್ಲಿ ನಾಲ್ಕು ಕಾಸು ಇಟ್ಟು ಬರಬೇಕು.