ಚಿಪ್ಪಿನಲ್ಲಿ ಕಂಡ ಬೆಳ್ಳಿ

ಕಡಲತಡಿಯಲ್ಲಿ ಹೊಳೆಯುವ ಚಿಪ್ಪನ್ನು ದೂರದಿಂದ ಕಂಡವನು ಅದನ್ನು ಬೆಳ್ಳಿಯೆಂದು ಬಗೆದು ಧಾವಿಸುವನು. ಸಮೀಪಿಸಿದೊಡನೆ ಬೆಳ್ಳಿಯು ಬಾಧಿತವಾಗಿ ಚಿಪ್ಪು ಮಾತ್ರ ಉಳಿಯುವುದು. ಅದ್ವೈತಾಚಾರ್ಯರು ಮತ್ತೆ ಮತ್ತೆ ಕೊಡುವ ಈ ಶುಕ್ತಿರಜತ ದೃಷ್ಟಾಂತವು, ಸ್ವಾತಂತ್ರ್ಯಾನಂತರದ ಆಫ್ರಿಕದ ನಾಣ್ಯಗಳನ್ನು ಕೂಡಿಸುವವನ ಮುಂದೆ ಗಹನವಾದ ಪ್ರಶ್ನೆಯೊಂದನ್ನು ತಂದಿಡುತ್ತದೆ. ಘಾನಾ ದೇಶವು 1979ರಲ್ಲಿ ಹೊರಡಿಸಿದ ಒಂದು ಸೆಡಿಯ ನಾಣ್ಯದ ಮೇಲಿರುವುದು ಕವಡೆಯ ಚಿತ್ರ. ಮಾಲ್ಡೀವ್ಸ್ ದ್ವೀಪಗಳ ಸುತ್ತಣ ಕಡಲಿನಿಂದ ಆಯ್ದ ಕವಡೆಗಳು ಹಡಗುಗಳಲ್ಲಿ ಪಶ್ಚಿಮ ಆಫ್ರಿಕವನ್ನು ಸೇರಿ, ಶತಮಾನಗಳ ಕಾಲ ಅಲ್ಲಿನ ಸಂತೆಗಳಲ್ಲಿ ಹಣವಾಗಿಯೇ ನಡೆದುವು. ಒಬ್ಬನು ಚಿಪ್ಪನ್ನು ಬೆಳ್ಳಿಯೆಂದರೆ ಅದು ಭ್ರಾಂತಿ. ಜನಸಮುದಾಯವೇ ಚಿಪ್ಪನ್ನು ಹಣವೆಂದೊಪ್ಪಿ, ಅದನ್ನು ಕೊಟ್ಟು ಧಾನ್ಯವನ್ನು ಪಡೆದು, ಮಕ್ಕಳ ಹಸಿವನ್ನು ನಿಜವಾಗಿಯೂ ನೀಗಿದರೆ ಅದನ್ನು ಏನೆನ್ನಬೇಕು?

ಪ್ರಭುವಿನ ಮುದ್ರೆಯೇ ಬೆಲೆಗೆ ಕಾರಣವೆಂಬುದು ಮೊದಲು ತೋರುವ ಉತ್ತರ. 1957ರಲ್ಲಿ ಸ್ವತಂತ್ರವಾದ ಘಾನಾ ಮರುವರ್ಷ ತಂದ ನಾಣ್ಯಗಳಲ್ಲಿ ಆ ದೇಶದ ನಾಯಕ ಕ್ವಾಮೆ ಎನ್‌ಕ್ರೂಮಾ ಅವರ ಮುಖವೂ, ಅವರನ್ನು ರಾಷ್ಟ್ರದ ಸ್ಥಾಪಕರೆಂದು ಸಾರುವ ಲ್ಯಾಟಿನ್ ಬಿರುದೂ ಇವೆ. 1965ರಲ್ಲಿ ಪೌಂಡು ಹೋಗಿ ಸೆಡಿ ಬಂದಾಗಲೂ ಆ ಮುಖ ಉಳಿಯಿತು. 1966ರ ಫೆಬ್ರವರಿ 24ರಂದು ಸೈನ್ಯವು ಅವರನ್ನು ಪದಚ್ಯುತಗೊಳಿಸಿತು. ಅಕ್ರಾ ನಗರದಲ್ಲಿ ಅವರ ಪ್ರತಿಮೆ ಉರುಳಿತು. 1967ರ ನಾಣ್ಯಗಳಲ್ಲಿ ಆ ಮುಖ ಮರೆಯಾಗಿ ಕೋಕೋ ಕಾಯಿಗಳು ಕಾಣಿಸಿಕೊಂಡುವು. ಇಂದು ಸಂಗ್ರಾಹಕನ ಕೈಯಲ್ಲಿರುವ 1958ರ ಶಿಲಿಂಗಿನಲ್ಲಿ ಲೋಹವೂ ಇದೆ, ಮುದ್ರೆಯೂ ಇದೆ. ಆದರೆ ಅದನ್ನು ಕೊಟ್ಟರೆ ಅಕ್ರಾದ ಸಂತೆಯಲ್ಲಿ ಹಿಡಿ ಕಾಳೂ ದೊರೆಯದು. ಕವಡೆಗಾದರೋ ಯಾವ ಪ್ರಭುವಿನ ಮುದ್ರೆಯೂ ಇರಲಿಲ್ಲ. ಆದರೂ ಅದು ನಡೆಯಿತು. ತಾರ್ಕಿಕರ ಅನ್ವಯವ್ಯತಿರೇಕಗಳಿಂದ, ಎಂದರೆ ಕಾರಣವಿದ್ದಲ್ಲಿ ಕಾರ್ಯವಿದೆಯೇ, ಇಲ್ಲದಲ್ಲಿ ಇಲ್ಲವೇ ಎಂದು ಪರೀಕ್ಷಿಸಿದರೆ, ಲೋಹವಾಗಲಿ ಮುದ್ರೆಯಾಗಲಿ ಬೆಲೆಗೆ ಮೂಲಕಾರಣವಲ್ಲವೆಂದೂ, ಕೊಡುವವನಿಗೂ ಕೊಳ್ಳುವವನಿಗೂ ಇರುವ ಪರಸ್ಪರ ವಿಶ್ವಾಸವೇ ಕಾರಣವೆಂದೂ ಸಿದ್ಧವಾಗುತ್ತದೆ. 2007ರಲ್ಲಿ 10,000 ಹಳೆಯ ಸೆಡಿಗಳು ಒಂದು ಹೊಸ ಸೆಡಿಗೆ ಸಮವೆಂದು ನಿಗದಿಯಾದಾಗ, 1979ರ ನಾಣ್ಯದ ಮೇಲಣ ಕವಡೆಯ ಒಂದು ಗೆರೆಯೂ ಬದಲಾಗಿರಲಿಲ್ಲ. ಬಹುಕಾಲದಿಂದ ಕರಗುತ್ತ ಬಂದಿದ್ದುದು ವಿಶ್ವಾಸ.

ಆದರೆ ವಿಶ್ವಾಸವೇ ಧರ್ಮವಲ್ಲ. ಐರೋಪ್ಯ ವರ್ತಕರು ಪಶ್ಚಿಮ ಆಫ್ರಿಕದ ಕರಾವಳಿಯಲ್ಲಿ ಮನುಷ್ಯರನ್ನು ಗುಲಾಮರಾಗಿ ಕೊಂಡುದು ಇದೇ ಕವಡೆಗಳನ್ನು ಸುರಿದು. ಹಸಿದವನಿಗೆ ಅನ್ನವನ್ನು ತಂದ ಒಪ್ಪಂದವೇ ತಾಯಿಯಿಂದ ಮಗನನ್ನು ಅಗಲಿಸಿತೆಂಬುದನ್ನು ಮರೆತು ವ್ಯವಹಾರವನ್ನು ಹೊಗಳುವ ತತ್ತ್ವವಿಚಾರವು ಅರ್ಧವಿಚಾರವೇ ಸರಿ.

ಹಾಗಿದ್ದರೂ ಟಂಕಸಾಲೆಯ ಹೊಳಪು ಮಾಸದ ನಾಣ್ಯಕ್ಕಿಂತ, ಅಂಚು ಸವೆದು ಅಕ್ಷರ ಮಸುಕಾದ ನಾಣ್ಯವೇ ನನಗೆ ಹೆಚ್ಚು ಪೂಜ್ಯವಾದುದು. ಒಬ್ಬರನ್ನೊಬ್ಬರು ಅರಿಯದ ಅಸಂಖ್ಯ ಜನರು ಪರಸ್ಪರ ನಂಬಿ ನಡೆದರೆಂಬುದಕ್ಕೆ ಆ ಸವೆತವೇ ಪ್ರಮಾಣ. ಜಗತ್ತನ್ನು ಮಿಥ್ಯೆಯೆಂದ ವೇದಾಂತಿಯು ಅದನ್ನು ಶೂನ್ಯವೆನ್ನಲಿಲ್ಲ. ಅದಕ್ಕೆ ವ್ಯಾವಹಾರಿಕ ಸತ್ತೆಯನ್ನು, ಎಂದರೆ ನಿತ್ಯದ ವ್ಯವಹಾರದ ಮಟ್ಟಿಗೆ ಸಲ್ಲುವ ಇರವನ್ನು, ಕೊಟ್ಟನು. ಹಣದ ಬೆಲೆಗಿರುವುದೂ ಅಂಥ ಸತ್ತೆಯೇ. ಅದು ತನ್ನಷ್ಟಕ್ಕೆ ತಾನು ನಿಲ್ಲಲಾರದೆ ನಮ್ಮೆಲ್ಲರ ಒಪ್ಪಿಗೆಯನ್ನು ಆಶ್ರಯಿಸಿರುವುದರಿಂದ, ಅದರಿಂದ ಆಗುವ ಒಳಿತು ಕೆಡುಕುಗಳಿಗೆ ಮುದ್ರೆಯೊತ್ತಿದ ಪ್ರಭುವನ್ನು ಮಾತ್ರ ಹೊಣೆಮಾಡಿ ನಾವು ಜಾರಿಕೊಳ್ಳಲಾಗದು; ಒಪ್ಪಿ ಕೈನೀಡಿದ ಪ್ರತಿಯೊಬ್ಬನೂ ಅದರಲ್ಲಿ ಪಾಲುಗಾರನು.