ಭರವಸೆ ಎಂದರೆ ಕೈಕಟ್ಟಿ ಕೂರುವುದಲ್ಲ



'ಎಲ್ಲವೂ ಅಲ್ಲಾಹನ ಇಚ್ಛೆ' ಎಂಬ ಮಾತನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೆ! ಒಬ್ಬನು ತನ್ನಿಂದಾದದ್ದನ್ನೆಲ್ಲ ಮಾಡಿ, ದಣಿದು ಬಂದು, ಫಲವನ್ನು ಅಲ್ಲಾಹನಿಗೆ ಒಪ್ಪಿಸುತ್ತಾ ಈ ಮಾತನ್ನು ಹೇಳುತ್ತಾನೆ. ಇನ್ನೊಬ್ಬನು ಕುರ್ಚಿಯಿಂದ ಏಳುವ ಮುಂಚೆಯೇ ಇದನ್ನು ಹೇಳಿಬಿಡುತ್ತಾನೆ. ನಾಲಗೆಯ ಮೇಲೆ ಎರಡೂ ಒಂದೇ. ಆದರೆ ಮೊದಲನೆಯದು ತವಕ್ಕುಲ್, ಎರಡನೆಯದು ಸೋಮಾರಿತನಕ್ಕೆ ತೊಡಿಸಿದ ಧರ್ಮದ ಅಂಗಿ.

ಕಲ್ಯಾಣ ನಗರ, ಬಾಣಸವಾಡಿ, ಹೆಣ್ಣೂರು ಕಡೆಯ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2021ರ ಏಪ್ರಿಲ್-ಮೇ ತಿಂಗಳನ್ನು ನೆನಪಿಸಿಕೊಳ್ಳಿ. ರಂಝಾನ್‌ನ ಉಪವಾಸದ ದಿನಗಳವು. ಆಸ್ಪತ್ರೆಗಳಲ್ಲಿ ಹಾಸಿಗೆಯಿಲ್ಲ, ಆಕ್ಸಿಜನ್ ಸಿಲಿಂಡರಿಗೆ ಪರದಾಟ, ಆ್ಯಂಬುಲೆನ್ಸಿನ ಸದ್ದು ನಿಲ್ಲುತ್ತಿರಲಿಲ್ಲ. ಆಗ ನಾವು ಹಲವು ಬಗೆಯ ಜನರನ್ನು ಕಂಡೆವು. 'ಮರಣ ಬರೆದಿದ್ದರೆ ಬಂದೇ ಬರುತ್ತದೆ' ಎನ್ನುತ್ತಾ ಮಾಸ್ಕೂ ಇಲ್ಲದೆ ಜನಜಂಗುಳಿಯಲ್ಲಿ ತಿರುಗಿ, ಅದನ್ನೇ ಈಮಾನ್ ಎಂದುಕೊಂಡವರಿದ್ದರು. ಸ್ವಂತ ಸಹೋದರನ ಮಯ್ಯಿತ್ತಿನ ಹತ್ತಿರ ಸುಳಿಯಲೂ ಹೆದರಿದವರಿದ್ದರು. ಇವರ ನಡುವೆ, ಮೈತುಂಬ ರಕ್ಷಣಾ ಉಡುಪು ತೊಟ್ಟು, ಜಾತಿ ಮತ ಕೇಳದೆ ಶವಗಳನ್ನು ಕಬರಸ್ಥಾನಕ್ಕೂ ಸ್ಮಶಾನಕ್ಕೂ ಸಾಗಿಸಿದ ಯುವಕರೂ ಇದ್ದರು. ಅವರಿಗೆ ಭಯವಿರಲಿಲ್ಲವೆಂದು ದಯವಿಟ್ಟು ತಿಳಿಯಬೇಡಿ. ಭಯವಿದ್ದುದರಿಂದಲೇ ಆ ಉಡುಪು ತೊಟ್ಟರು. ಭರವಸೆಯಿದ್ದುದರಿಂದ ಮನೆಯಿಂದ ಹೊರಟರು.

ಇದು ಹೊಸ ಪ್ರಶ್ನೆಯಲ್ಲ. ಹಿಜರಿ ಮೊದಲ ಶತಮಾನದಲ್ಲೇ ಎದ್ದಿತ್ತು. ಖಲೀಫ ಹಝ್ರತ್ ಉಮರ್(ರ) ಸಿರಿಯಾಕ್ಕೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ, ಮುಂದಿನ ನಾಡಿನಲ್ಲಿ ಪ್ಲೇಗು ಹಬ್ಬಿದೆ ಎಂಬ ಸುದ್ದಿ ಬಂತು. ಅವರು ಮುಹಾಜಿರರನ್ನು ಕರೆದು ಕೇಳಿದರು, ಅನ್ಸಾರರನ್ನು ಕೇಳಿದರು, ಅಭಿಪ್ರಾಯಗಳು ಒಂದಾಗಲಿಲ್ಲ. ಕುರೈಶರ ಹಿರಿಯರು ಮಾತ್ರ ಹಿಂದಿರುಗುವುದೇ ಸರಿ ಎಂದರು. ಉಮರ್(ರ) ಹಾಗೆಯೇ ತೀರ್ಮಾನಿಸಿದರು. ಆಗ ಸೇನಾನಾಯಕ ಹಝ್ರತ್ ಅಬೂ ಉಬೈದ(ರ), ಅಲ್ಲಾಹನ ವಿಧಿಯಿಂದ ಓಡಿಹೋಗುವುದೇ ಎಂದು ನೇರವಾಗಿಯೇ ಕೇಳಿದರು. ಒಂದು ವಿಧಿಯಿಂದ ಹೊರಟು ಅಲ್ಲಾಹನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್‌ರ(ರ) ಉತ್ತರವಾಗಿತ್ತು. ಒಂದು ಕಣಿವೆಯ ಉದಾಹರಣೆಯನ್ನೂ ಕೊಟ್ಟರು: ಒಂದು ಬದಿ ಹಸಿರು, ಒಂದು ಬದಿ ಬರಡು; ಒಂಟೆಗಳನ್ನು ಯಾವ ಬದಿಯಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ತಾನೇ? ಅಷ್ಟರಲ್ಲಿ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ಪ್ಲೇಗು ಇರುವ ಊರಿಗೆ ಹೋಗಬಾರದು, ನೀವಿರುವ ಊರಿಗೇ ಅದು ಬಂದರೆ ಅಲ್ಲಿಂದ ಓಡಬಾರದು ಎಂದು ಪ್ರವಾದಿವರ್ಯರು(ಸ) ಕಲಿಸಿದ್ದನ್ನು ತಿಳಿಸಿದರು. ಉಮರ್(ರ) ಅಲ್ಲಾಹನನ್ನು ಸ್ತುತಿಸಿ ಹಿಂದಿರುಗಿದರು.

ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಅಬೂ ಉಬೈದರನ್ನು(ರ) ಅಪಾಯದಿಂದ ಪಾರು ಮಾಡಲೆಂದು ಉಮರ್(ರ) ಆಮೇಲೆ ಪತ್ರ ಬರೆದು ಕರೆಸಿಕೊಳ್ಳಲು ನೋಡಿದರೆಂದು ಇತಿಹಾಸಕಾರರು ಬರೆದಿದ್ದಾರೆ. ಅವರು ಅದರ ಉದ್ದೇಶ ಅರಿತು, ತನ್ನ ಸೈನಿಕರನ್ನು ಬಿಟ್ಟು ಬರಲಾರೆನೆಂದು ತಿಳಿಸಿದರು. ಅದೇ ಪ್ಲೇಗಿನಲ್ಲಿ, ಹಿಜರಿ 18ರಲ್ಲಿ, ತೀರಿಕೊಂಡರು. ಒಬ್ಬರು ಹಿಂದಿರುಗಿದರು, ಒಬ್ಬರು ಉಳಿದರು. ಇಬ್ಬರಲ್ಲಿ ಯಾರ ಧೈರ್ಯ ದೊಡ್ಡದೆಂದು ಅಳೆಯಲು ನನಗಂತೂ ಸಾಧ್ಯವಿಲ್ಲ. ಸಾವಿರಾರು ಜನರ ಹೊಣೆ ಹೊತ್ತವನು ಹೇಡಿಯೆಂಬ ಮಾತಿಗೆ ಅಂಜದೆ ಹಿಂದಿರುಗುವುದಕ್ಕೂ ಗಟ್ಟಿ ಎದೆ ಬೇಕು.

ಅಷ್ಟು ದೂರವೇಕೆ, ನಮ್ಮ ಊರನ್ನೇ ನೋಡಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲೂ ದಂಡು ಪ್ರದೇಶದಲ್ಲೂ ಮನೆಮನೆಗಳು ಬರಿದಾದವು. ಇಕ್ಕಟ್ಟಿನ ಓಣಿ, ಗಾಳಿ ಬೆಳಕಿಲ್ಲದ ಕೋಣೆ, ಇಲಿಗಳ ಕಾಟ. ಇಷ್ಟೇ ನಮ್ಮ ಹಣೆಬರಹ ಎಂದು ಊರು ಕುಳಿತಿದ್ದರೆ? ಆದರೆ ನೇರವಾದ ಅಗಲ ರಸ್ತೆ, ಚರಂಡಿ, ಗಾಳಿಯಾಡುವ ಮನೆಗಳುಳ್ಳ ಹೊಸ ಬಡಾವಣೆಯನ್ನು ಕಟ್ಟಿದರು. ಅದೇ 1910ರಲ್ಲಿ ಹೆಸರು ಪಡೆದ ಫ್ರೇಜರ್ ಟೌನ್, ಇಂದಿನ ಪುಲಿಕೇಶಿನಗರ. ಅಲ್ಲಿನ ಮಾಸ್ಕ್ ರಸ್ತೆಯ ಮಸೀದಿಗೆ ಹಾಜಿ ಸರ್ ಇಸ್ಮಾಯಿಲ್ ಸೇಠರ ಹೆಸರಿದೆ. ಶಿವಾಜಿನಗರದ ಗೋಷಾ ಆಸ್ಪತ್ರೆಗೂ ಅವರದೇ ಹೆಸರು. ಪರದೆಯ ಹೆಣ್ಣುಮಕ್ಕಳು ಚಿಕಿತ್ಸೆಯಿಲ್ಲದೆ ಮನೆಯಲ್ಲೇ ನರಳುತ್ತಿದ್ದ ಕಾಲದಲ್ಲಿ ಆ ವ್ಯಾಪಾರಿ ಸಬ್ರ್‌ನ ಉಪದೇಶ ಮಾಡಿ ಸುಮ್ಮನಾಗಲಿಲ್ಲ, ಅವರು ಬರಬಹುದಾದ ಆಸ್ಪತ್ರೆಯನ್ನೇ ಕಟ್ಟಿಸಿದರು. ಇಂದಿಗೂ ಅಲ್ಲಿ ಎಲ್ಲ ಧರ್ಮದ ತಾಯಂದಿರ ಹೆರಿಗೆಯಾಗುತ್ತಿದೆ.

ಇನ್ನು ನಮ್ಮ ಮನೆಗಳ ಒಳಗಿನ ಮಾತಿಗೆ ಬರೋಣ. ಕೆಲಸ ಹೋದ ಮಗ, ತಲಾಕ್ ಆಗಿ ತವರಿಗೆ ಬಂದ ಮಗಳು, ಹೆರಿಗೆಯ ನಂತರ ಕಾರಣವಿಲ್ಲದೆ ಅಳುವ ಸೊಸೆ ಮೂಲೆ ಹಿಡಿದು ಕುಳಿತರೆ ನಾವು ಏನನ್ನುತ್ತೇವೆ? 'ನಿನ್ನ ಈಮಾನ್ ದುರ್ಬಲವಾಗಿದೆ, ಅದಕ್ಕೇ ಹೀಗೆ.' ಇದಕ್ಕಿಂತ ಕ್ರೂರವಾದ ಮಾತು ಬೇರೆ ಬೇಕೇ? ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಪ್ರವಾದಿವರ್ಯರ(ಸ) ಕಣ್ಣುಗಳೂ ತುಂಬಿ ಹರಿದವು. ಅವರ ಈಮಾನ್ ದುರ್ಬಲವಾಗಿತ್ತೆಂದು ಹೇಳುವವರಾರು?

ಪ್ರವಾದಿ ಯಅ್‌ಕೂಬರ(ಅ) ವೃತ್ತಾಂತವನ್ನು ಪವಿತ್ರ ಕುರ್‌ಆನಿನ ಸೂರಃ ಯೂಸುಫ್‌ನಲ್ಲಿ ಓದಿ ನೋಡಿ. ಮಗನಿಗಾಗಿ ದುಃಖಿಸಿ ಅವರ ಕಣ್ಣು ಬೆಳ್ಳಗಾಗಿದ್ದವು. ಎಷ್ಟು ಕಾಲ ಹೀಗೆ ಕೊರಗುವಿರಿ ಎಂದು ಮನೆಯವರು ಆಕ್ಷೇಪಿಸಿದರು. ತನ್ನ ಅಳಲನ್ನು ಅಲ್ಲಾಹನಲ್ಲಿ ಮಾತ್ರ ತೋಡಿಕೊಳ್ಳುವುದಾಗಿ ಅವರು ಹೇಳಿದರು. ಅದೇ ಉಸಿರಿನಲ್ಲಿ, ಹೋಗಿ ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿರಿ, ಅಲ್ಲಾಹನ ಕೃಪೆಯ ಬಗ್ಗೆ ನಿರಾಶರಾಗಬೇಡಿರಿ ಎಂದು ಮಕ್ಕಳನ್ನು ಕಳುಹಿಸಿದರು. ದುಃಖವೂ ಇತ್ತು, ಭರವಸೆಯೂ ಇತ್ತು. ಒಂದು ಇನ್ನೊಂದನ್ನು ಹೊರಗಟ್ಟಲಿಲ್ಲ. 'ಹುಡುಕಿರಿ' ಎಂಬ ಆ ಅಪ್ಪಣೆಯನ್ನು ಗಮನಿಸಿದಿರಾ? ಕುರುಡಾದ ತಂದೆ ಮಕ್ಕಳ ಕಾಲುಗಳಿಗೆ ಕೆಲಸ ಕೊಟ್ಟರು.

ಹಾಗಾಗಿ ನಿಮ್ಮ ಮನೆಯಲ್ಲಿ ಯಾರಾದರೂ ವಾರಗಟ್ಟಲೆ ನಿದ್ದೆಯಿಲ್ಲದೆ, ಊಟ ಬೇಡವೆನ್ನುತ್ತಾ, ಬದುಕೇ ಸಾಕೆನ್ನುತ್ತಿದ್ದರೆ ಅವರಿಗಾಗಿ ದುಆ ಮಾಡಿರಿ, ಜೊತೆಗೆ ವೈದ್ಯರಲ್ಲಿಗೂ ಕರೆದೊಯ್ಯಿರಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಇರುವುದು ನಮ್ಮದೇ ಊರಿನಲ್ಲಿ. ನೆರೆಯವರು ಏನೆಂದುಕೊಳ್ಳುವರೋ ಎಂಬ ಅಂಜಿಕೆಯನ್ನು ಮೊದಲು ದಾಟಬೇಕಾದವರು ರೋಗಿಯಲ್ಲ, ನೀವು. ಫಜ್ರ್ ನಮಾಝ್ ಮುಗಿಸಿ ಬೇಗನೆ ಹೊರಡಿ. ಒಬ್ಬರನ್ನೇ ಕಳುಹಿಸಬೇಡಿ, ಸರದಿ ಬರುವವರೆಗೂ ಪಕ್ಕದಲ್ಲೇ ಕುಳಿತಿರಿ.